ಸರ್ವೆಯಲ್ಲಿ ಮಗ ಏನು ಬರೆದ?

ಪ್ರಶ್ನೆ: ನನ್ನ ಮಗನಿಗೆ 15 ವರ್ಷ. ಹೋದ ವಾರ ಅವನ ಶಾಲೆಯಲ್ಲಿ ಮಕ್ಕಳ ಆರೋಗ್ಯ ಮತ್ತು ಜೀವನಶೈಲಿ ಬಗ್ಗೆ ಒಂದು ಸರ್ವೆ ಮಾಡಿದರು. ನಿದ್ದೆ, ಆಟ, ಮೊಬೈಲ್ ಜೊತೆಗೆ ಸಿಗರೇಟು, ಕುಡಿತ, ಗಾಂಜಾ ಬಗ್ಗೆಯೂ ಪ್ರಶ್ನೆಗಳಿದ್ದವಂತೆ. ಏನು ಬರೆದೆ ಅಂತ ಕೇಳಿದರೆ "ಅದು ಗುಟ್ಟು" ಅಂತ ನಗುತ್ತಾನೆ. ಶಾಲೆಯವರನ್ನು ಕೇಳಿದರೆ ಹೆಸರನ್ನೇ ಬರೆಸಿಲ್ಲ ಅಂದರು. ಇಂಥ ಪ್ರಶ್ನೆ ಕೇಳಿ ಮಕ್ಕಳ ತಲೆಗೆ ಇಲ್ಲದ್ದನ್ನು ತುಂಬಿದಂತೆ ಆಗುವುದಿಲ್ಲವೇ? ಈ ವಯಸ್ಸಿನವರು ನಿಜ ಬರೆಯುತ್ತಾರಾ? ಅಪ್ಪ ಅಮ್ಮನಿಗೇ ತಿಳಿಸದ ಮೇಲೆ ಇದರಿಂದ ಯಾರಿಗೆ ಏನು ಉಪಯೋಗ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ನಿಮ್ಮ ಮಗ ಬರೆದದ್ದು ನಿಮ್ಮ ಕೈಗೆ ಸಿಗುವುದಿಲ್ಲ. ಸರ್ವೆ ಮಾಡುವ ನಮ್ಮ ಕೈಗೂ ಸಿಗುವುದಿಲ್ಲ. ರಾಶಿಯೊಳಗೆ ಯಾವ ಹಾಳೆ ಅವನದು ಅಂತ ಹುಡುಕಲು ನಮಗೆ ದಾರಿಯೇ ಇರಬಾರದು. ಹಾಗೆ ಹುಡುಕಲು ಆಗುವುದಾದರೆ ಆ ಸರ್ವೆ ಕೆಟ್ಟಿತು ಎಂದೇ ಲೆಕ್ಕ.

ಇಂಥ ಸರ್ವೆಗಳ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದ್ದೇನೆ. ಒಂದು ಸಲ ಒಂದು ತರಗತಿಯಲ್ಲಿ ಮಕ್ಕಳು ತಲೆ ತಗ್ಗಿಸಿ ಬರೆಯುತ್ತಿದ್ದರು. ಅಷ್ಟರಲ್ಲಿ ಅವರ ಮೇಷ್ಟ್ರು ಒಳಗೆ ಬಂದು, ಪರೀಕ್ಷೆ ಕೊಠಡಿಯಲ್ಲಿ ಸುತ್ತುವ ಹಾಗೆ ಬೆಂಚುಗಳ ನಡುವೆ ಸುತ್ತತೊಡಗಿದರು. ಪಾಪ, ಅವರಿಗೆ ಅದು ಅಭ್ಯಾಸ. ಆದರೆ ಅವರು ಹತ್ತಿರ ಬಂದ ಕಡೆಯೆಲ್ಲ ರಬ್ಬರ್ ಉಜ್ಜುವ ಸದ್ದು! ಆ ತರಗತಿಯ ಹಾಳೆಗಳನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮೇಷ್ಟ್ರು ನೋಡಬಹುದು ಎಂಬ ಅನುಮಾನಕ್ಕೇ ಅಷ್ಟು ಉತ್ತರ ಬದಲಾದವು. ಮನೆಗೆ ತಿಳಿಸುತ್ತೇವೆ ಅಂದಿದ್ದರೆ ಎಲ್ಲ ಹಾಳೆಯಲ್ಲೂ "ಇಲ್ಲ, ಇಲ್ಲ, ಇಲ್ಲ" ಎಂದೇ ಇರುತ್ತಿತ್ತು. ಎಲ್ಲರಿಗೂ ಸಮಾಧಾನ, ಯಾರಿಗೂ ಉಪಯೋಗವಿಲ್ಲ.

ಒಟ್ಟಿನಲ್ಲಿ ಒಬ್ಬೊಬ್ಬ ಮಗುವನ್ನು ನೋಡುವುದಿಲ್ಲ ಎಂದು ಮಾತು ಕೊಟ್ಟರೆ ಮಾತ್ರ ಇಡೀ ಗುಂಪು ಕಾಣುತ್ತದೆ. ಎರಡೂ ಒಟ್ಟಿಗೆ ಸಿಗುವುದಿಲ್ಲ.

ಇನ್ನು ನಿಜ ಬರೆಯುತ್ತಾರಾ ಎಂಬುದು. ಸುಳ್ಳು ಬರೆಯುವವರು ಇದ್ದೇ ಇರುತ್ತಾರೆ. ಸುಳ್ಳಿನಲ್ಲಿ ಎರಡು ಬಗೆ. ಮಾಡಿದ್ದನ್ನು ಮುಚ್ಚಿಡುವುದು ಒಂದು, ಮಾಡದ್ದನ್ನು ಮಾಡಿದ್ದೇನೆ ಅಂತ ಕೊಚ್ಚಿಕೊಳ್ಳುವುದು ಇನ್ನೊಂದು. ಹದಿಹರೆಯದಲ್ಲಿ ಎರಡನೆಯದೂ ಕಡಿಮೆಯೇನಲ್ಲ. 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ, ತಮಗೆ ಕೃತಕ ಕೈ ಅಥವಾ ಕಾಲು ಇದೆ ಎಂದು ಇನ್ನೂರಕ್ಕೂ ಹೆಚ್ಚು ಮಕ್ಕಳು ಶಾಲೆಯಲ್ಲಿ ಕೊಟ್ಟ ಹಾಳೆಯಲ್ಲಿ ಬರೆದಿದ್ದರು. ಆಮೇಲೆ ಅವರ ಮನೆಗೇ ಹೋಗಿ ಮಾತಾಡಿಸಿದಾಗ ನಿಜವಾಗಿ ಹಾಗಿದ್ದವರು ಬೆರಳೆಣಿಕೆಯಷ್ಟು. ಉಳಿದವರದ್ದು ಬರೀ ತಮಾಷೆ. ಇಂಥವರು ಡ್ರಗ್ಸ್ ಪ್ರಶ್ನೆಗಳಿಗೂ ಕೈಗೆ ಬಂದ ಹಾಗೆ ಗುರುತು ಹಾಕುತ್ತಾರೆ. ಹೆರಾಯಿನ್ ಥರದ ಅಪರೂಪದ ಸಂಗತಿಯಲ್ಲಿ ಇದು ದೊಡ್ಡ ತಲೆನೋವು. ಸಾವಿರದಲ್ಲಿ ಐದು ಜನ ಅದನ್ನು ಬಳಸಿದ್ದಾರೆ ಎಂದುಕೊಳ್ಳಿ, ಐದು ಜನ ಸುಮ್ನೆ ತಮಾಷೆಗೆ ಗುರುತು ಹಾಕಿದ್ದಾರೆ ಎಂದುಕೊಳ್ಳಿ. ಲೆಕ್ಕ ಎರಡು ಪಟ್ಟು ಆಗಿಬಿಡುತ್ತದೆ, ಅಲ್ವಾ? ಹಾಗಾಗಿ ತೀರಾ ಸಣ್ಣ ಅಂಕಿಗಳನ್ನು ಹಿಡಿದು ದೊಡ್ಡ ಸುದ್ದಿ ಮಾಡುವುದನ್ನು ನಾನು ನಂಬುವುದಿಲ್ಲ.

ಇವರನ್ನು ಹಿಡಿಯಲು ಕೆಲವು ಉಪಾಯಗಳಿವೆ. ಯುರೋಪಿನ ಶಾಲೆಗಳಲ್ಲಿ 1995ರಿಂದ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಎಸ್ಪಾಡ್ ಎಂಬ ಸರ್ವೆಯಲ್ಲಿ 'ರೆಲೆವಿನ್' ಎಂಬ ಹೆಸರನ್ನು ಮಾದಕ ವಸ್ತುಗಳ ಪಟ್ಟಿಯೊಳಗೆ ಸೇರಿಸಿದ್ದರು. ಅಂಥ ವಸ್ತುವೇ ಜಗತ್ತಿನಲ್ಲಿಲ್ಲ. ಅದನ್ನೂ ಬಳಸಿದ್ದೇನೆ ಎಂದವರ ಉಳಿದ ಉತ್ತರಗಳನ್ನು ಅನುಮಾನದಿಂದಲೇ ನೋಡಬೇಕು. ಒಂದೇ ಸಂಗತಿಯನ್ನು ಎರಡು ಕಡೆ ಬೇರೆ ಬೇರೆ ರೀತಿ ಕೇಳುವುದೂ ಉಂಟು. ಮೊದಲ ಪುಟದಲ್ಲಿ "ಸಿಗರೇಟು ಮುಟ್ಟಿಯೇ ಇಲ್ಲ" ಎಂದವನು ಐದನೇ ಪುಟದಲ್ಲಿ "ಹನ್ನೆರಡನೇ ವಯಸ್ಸಿನಲ್ಲಿ ಮೊದಲ ಸಿಗರೇಟು" ಎಂದರೆ ಗೊತ್ತಾಗುತ್ತದೆ. ಕೆಲವು ಅಧ್ಯಯನಗಳಲ್ಲಿ ಎಂಜಲು ಅಥವಾ ಕೂದಲನ್ನೂ ಪರೀಕ್ಷೆ ಮಾಡುತ್ತಾರೆ. ನಿಕೋಟಿನ್ ದೇಹದೊಳಗೆ ಕೋಟಿನಿನ್ ಎಂಬ ರಾಸಾಯನಿಕವಾಗಿ ಬದಲಾಗುತ್ತದೆ, ಅದು ಕೆಲವು ದಿನ ಎಂಜಲಿನಲ್ಲಿ ಉಳಿಯುತ್ತದೆ. ಅಂಥ ಪರೀಕ್ಷೆಗಳನ್ನು ನೋಡಿದರೆ, ಕೊಚ್ಚಿಕೊಳ್ಳುವವರಿಗಿಂತ ಮುಚ್ಚಿಡುವವರೇ ಸ್ವಲ್ಪ ಜಾಸ್ತಿ ಎನಿಸುತ್ತದೆ.

ಹಾಗಾದರೆ ಸರ್ವೆಯ ಅಂಕಿ ಸುಳ್ಳೇ? ಅರ್ಧ ಕಿಲೋ ಕಡಿಮೆ ತೋರಿಸುವ ತಕ್ಕಡಿಯಲ್ಲಿ ನಿಮ್ಮ ನಿಜವಾದ ತೂಕ ಗೊತ್ತಾಗುವುದಿಲ್ಲ. ಆದರೆ ಪ್ರತಿ ತಿಂಗಳು ಅದರ ಮೇಲೇ ನಿಂತರೆ, ತೂಕ ಏರಿತೋ ಇಳಿಯಿತೋ ಎಂಬುದು ಸರಿಯಾಗಿಯೇ ಗೊತ್ತಾಗುತ್ತದೆ. ಸರ್ವೆಯೂ ಹಾಗೆ. ಅದೇ ಪ್ರಶ್ನೆ, ಅದೇ ವಯಸ್ಸು, ಅದೇ ವಿಧಾನ. ಒಂದು ವರ್ಷದ ಅಂಕಿಗಿಂತ ಹತ್ತು ವರ್ಷದ ಗೆರೆಗೆ ಬೆಲೆ ಜಾಸ್ತಿ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 1975ರಿಂದ ಪ್ರತಿ ವರ್ಷ ಹನ್ನೆರಡನೇ ತರಗತಿಯವರನ್ನು ಕೇಳುತ್ತಾ ಬಂದಿದ್ದಾರೆ. 1997ರಲ್ಲಿ ಅಲ್ಲಿ ನೂರಕ್ಕೆ 36ಕ್ಕೂ ಹೆಚ್ಚು ಮಕ್ಕಳು ಹಿಂದಿನ 30 ದಿನದಲ್ಲಿ ಸಿಗರೇಟು ಸೇದಿದ್ದೆವು ಎಂದಿದ್ದರು. 2024ರಲ್ಲಿ ಹಾಗೆ ಹೇಳಿದವರು ನೂರಕ್ಕೆ ಮೂವರಿಗಿಂತ ಕಡಿಮೆ. ಎಷ್ಟೇ ಮಂದಿ ಮುಚ್ಚಿಟ್ಟರೂ ಇಂಥ ಇಳಿತ ಬರೀ ಸುಳ್ಳಿನಿಂದ ಬರುವುದಿಲ್ಲ.

ಆ ನಡುವೆ ವೇಪ್, ಅಂದರೆ ಇ-ಸಿಗರೇಟು ಬಂತು. ಅಮೆರಿಕದ್ದೇ ಇನ್ನೊಂದು ಸರ್ವೆಯಲ್ಲಿ 2019ರಲ್ಲಿ ಹೈಸ್ಕೂಲು ಮಕ್ಕಳಲ್ಲಿ ನೂರಕ್ಕೆ 27.5 ಮಂದಿ ಇ-ಸಿಗರೇಟು ಬಳಸುತ್ತಿದ್ದರು. 2024ಕ್ಕೆ ಅದು 7.8ಕ್ಕೆ ಇಳಿಯಿತು. ಸಿಗರೇಟು ಇಳಿಯಿತೆಂದು ಹಿಗ್ಗುತ್ತಿದ್ದಾಗ ಇನ್ನೊಂದು ಬಾಗಿಲಿಂದ ನಿಕೋಟಿನ್ ಒಳಗೆ ಬಂದದ್ದನ್ನು ಬೇಗ ಹಿಡಿದುಕೊಟ್ಟದ್ದು ಇಂಥ ಹಾಳೆಗಳೇ. ಉಪಯೋಗ ಏನು ಅಂತ ಕೇಳಿದಿರಲ್ಲ, ಇದು ಒಂದು.

ತಲೆಗೆ ಇಲ್ಲದ್ದನ್ನು ತುಂಬಿದಂತೆ ಆಗುವುದಿಲ್ಲವೇ ಎಂಬ ನಿಮ್ಮ ಭಯ ಸಹಜವೇ. ಇದನ್ನು ತುಂಬಾ ಹೆದರಿಕೆ ಹುಟ್ಟಿಸುವ ಒಂದು ವಿಷಯದಲ್ಲೇ ಪರೀಕ್ಷಿಸಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೈಸ್ಕೂಲು ಮಕ್ಕಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಆತ್ಮಹತ್ಯೆಯ ಯೋಚನೆ ಬಗ್ಗೆ ನೇರವಾಗಿ ಪ್ರಶ್ನೆ ಕೇಳಿದರು, ಇನ್ನೊಂದಕ್ಕೆ ಮೊದಲ ದಿನ ಕೇಳಲಿಲ್ಲ. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಅಂಥ ಯೋಚನೆ ಹೆಚ್ಚಲಿಲ್ಲ, ಸಂಕಟವೂ ಹೆಚ್ಚಲಿಲ್ಲ. ಮೊದಲೇ ಕುಗ್ಗಿದ್ದ ಮಕ್ಕಳಿಗೆ ಸ್ವಲ್ಪ ಹಗುರವಾದ ಹಾಗೆ ಕಂಡಿತು. ಗಾಂಜಾ ಎಂಬ ಹೆಸರನ್ನು 15 ವರ್ಷದ ಹುಡುಗ ಮೊದಲ ಸಲ ಕೇಳುವುದು ನಮ್ಮ ಪ್ರಶ್ನಾವಳಿಯಲ್ಲಿ ಅಂತ ನಿಮಗೆ ನಿಜವಾಗಿ ಅನಿಸುತ್ತದಾ? ಆದರೂ ಪ್ರಶ್ನೆ ಬರೆಯುವುದರಲ್ಲಿ ನಾಜೂಕು ಬೇಕು. ಎಲ್ಲಿ ಸಿಗುತ್ತದೆ, ಹೇಗೆ ಬಳಸುತ್ತಾರೆ ಎಂಬ ವಿವರ ಪ್ರಶ್ನೆಯೊಳಗೆ ಬರಬಾರದು. ವಯಸ್ಸಿಗೆ ತಕ್ಕ ಹಾಗೆ ಪ್ರಶ್ನೆ ಬಿಡಬೇಕು, ಸೇರಿಸಬೇಕು. ಬರೆಯಲು ಇಷ್ಟವಿಲ್ಲ ಎಂದ ಮಗು ಖಾಲಿ ಹಾಳೆ ಕೊಡಬಹುದು. ಮನೆಗೆ ಮೊದಲೇ ಚೀಟಿ ಬರಬೇಕು. ನಿಮಗೆ ಬಂದಿಲ್ಲದಿದ್ದರೆ ಆ ಬಗ್ಗೆ ಶಾಲೆಯಲ್ಲಿ ದನಿ ಎತ್ತುವುದು ಸರಿಯೇ.

ಇನ್ನೊಂದು ಉಪಯೋಗ ಹೇಳುತ್ತೇನೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ. ಹರೆಯದವರಿಗೆ "ನಿನ್ನ ಓರಗೆಯವರಲ್ಲಿ ಎಷ್ಟು ಜನ ಕುಡಿಯುತ್ತಾರೆ?" ಎಂದು ಕೇಳಿದರೆ ನಿಜಕ್ಕಿಂತ ತುಂಬಾ ದೊಡ್ಡ ಅಂಕಿ ಹೇಳುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಕಾಲೇಜೊಂದರ ವಿದ್ಯಾರ್ಥಿಗಳಲ್ಲಿ ಇದನ್ನು ಗಮನಿಸಿದರು, ಆಮೇಲೆ ಬೇರೆ ಬೇರೆ ಕಡೆ ಇದೇ ಕಂಡಿದೆ. ಕಾರಣ ಸರಳ. ಕುಡಿದು ಗಲಾಟೆ ಮಾಡಿದವನು ಎಲ್ಲರಿಗೂ ಕಾಣುತ್ತಾನೆ. ಆ ಸಂಜೆ ಮನೆಯಲ್ಲಿ ಮಲಗಿದ್ದ ಹತ್ತು ಜನ ಯಾರಿಗೂ ಕಾಣುವುದಿಲ್ಲ. ಹೀಗೆ "ಎಲ್ಲರೂ ಮಾಡುತ್ತಾರೆ, ನಾನೊಬ್ಬನೇ ಹಿಂದೆ ಬಿದ್ದಿದ್ದೇನೆ" ಎಂದುಕೊಂಡ ಮಕ್ಕಳೇ ತರಗತಿಯ ಮುಕ್ಕಾಲು ಪಾಲು ಇರಬಹುದು! ಸರ್ವೆಯ ಅಂಕಿಯನ್ನು ಅವರ ಮುಂದೆ ಇಟ್ಟಾಗ ಮುಖ ನೋಡಬೇಕು.

ಪತ್ರಿಕೆಗಳು ಮಾಡುವುದು ಇದಕ್ಕೆ ಉಲ್ಟಾ. "ಇಷ್ಟು ಮಕ್ಕಳು ಮಾದಕ ವಸ್ತುವಿಗೆ ದಾಸರು" ಎಂಬ ತಲೆಬರಹ ಕಂಡರೆ ದಯವಿಟ್ಟು ಒಳಗಿನ ಸಾಲು ಓದಿ. "ಜೀವನದಲ್ಲಿ ಎಂದಾದರೂ" ಎಂದು ಕೇಳಿದ್ದಾರಾ, "ಕಳೆದ 12 ತಿಂಗಳಲ್ಲಿ" ಎಂದಾ, "ಕಳೆದ 30 ದಿನದಲ್ಲಿ" ಎಂದಾ, "ದಿನಾ" ಎಂದಾ? ಮದುವೆ ಮನೆಯಲ್ಲಿ ದೊಡ್ಡವರ ಲೋಟದಿಂದ ಒಂದು ಗುಟುಕು ಕುಡಿದು ಮುಖ ಸಿಂಡರಿಸಿದವನೂ 'ಎಂದಾದರೂ' ಪಟ್ಟಿಯಲ್ಲಿ ಇರುತ್ತಾನೆ. ದಿನಾ ಕುಡಿಯುವವನೂ ಅಲ್ಲೇ ಇರುತ್ತಾನೆ. ಇಬ್ಬರನ್ನೂ ದಾಸರು ಎಂದರೆ ಹೇಗೆ?

ಸರ್ವೆಗೆ ಬಾರದ ಕೆಲಸವೂ ಒಂದಿದೆ. ಯಾವುದರಿಂದ ಯಾವುದು ಆಯಿತು ಎಂದು ಹೇಳುವುದು. 1997ರಲ್ಲಿ ಅಮೆರಿಕದ ಸಂಶೋಧಕರು ಒಂದು ಲೆಕ್ಕ ಕೊಟ್ಟರು. 15 ವರ್ಷಕ್ಕೆ ಮೊದಲೇ ಕುಡಿಯಲು ಶುರು ಮಾಡಿದವರಲ್ಲಿ ಸುಮಾರು ನೂರಕ್ಕೆ 40 ಮಂದಿ ಬದುಕಿನ ಒಂದು ಹಂತದಲ್ಲಿ ಕುಡಿತಕ್ಕೆ ಅಂಟಿಕೊಂಡಿದ್ದರು. 20 ದಾಟಿದ ಮೇಲೆ ಶುರು ಮಾಡಿದವರಲ್ಲಿ ಸುಮಾರು 10 ಮಂದಿ. ಅಂಕಿ ನಿಜ. ಆದರೆ ಬೇಗ ಶುರು ಮಾಡಿದ್ದೇ ಕಾರಣವಾ? ಅಥವಾ ಮನೆಯಲ್ಲಿ ಕುಡಿತ, ಜಗಳ, ಹೆತ್ತವರಿಂದ ಬಂದ ಜೀನ್, ತಡೆದುಕೊಳ್ಳಲಾರದ ಸ್ವಭಾವ ಇವೆಲ್ಲ ಸೇರಿ ಬೇಗ ಕುಡಿಯುವುದಕ್ಕೂ ಆಮೇಲೆ ಚಟ ಹತ್ತುವುದಕ್ಕೂ ಕಾರಣವಾದವಾ?

ಗಾಂಜಾ ವಿಷಯದಲ್ಲಿ ಈ ಜಗಳ ಇನ್ನೂ ಚೆನ್ನಾಗಿ ನಡೆಯಿತು. ನ್ಯೂಜಿಲೆಂಡಿನ ಡ್ಯುನೆಡಿನ್ ಎಂಬ ಊರಿನಲ್ಲಿ 1972-73ರಲ್ಲಿ ಹುಟ್ಟಿದ 1,037 ಮಕ್ಕಳನ್ನು ಇವತ್ತಿಗೂ ಹಿಂಬಾಲಿಸುತ್ತಾ ಬಂದಿದ್ದಾರೆ. ಹದಿಹರೆಯದಲ್ಲಿ ಶುರು ಮಾಡಿ ವರ್ಷಾನುಗಟ್ಟಲೆ ಗಾಂಜಾ ಸೇದಿದವರ ಬುದ್ಧಿಮತ್ತೆಯ ಅಂಕ 38 ವರ್ಷದ ಹೊತ್ತಿಗೆ ಸುಮಾರು 8ರಷ್ಟು ಕುಸಿದಿತ್ತು ಎಂದು 2012ರಲ್ಲಿ ಹೇಳಿದರು. 2016ರಲ್ಲಿ ಇನ್ನೊಂದು ತಂಡ ಅವಳಿಗಳನ್ನು ಹೋಲಿಸಿತು. ಒಂದೇ ಮನೆ, ಒಂದೇ ವಯಸ್ಸು. ಒಬ್ಬ ಸೇದಿದ್ದಾನೆ, ಇನ್ನೊಬ್ಬ ಸೇದಿಲ್ಲ. ಇಬ್ಬರ ಅಂಕದಲ್ಲೂ ಇಳಿತ ಹೆಚ್ಚುಕಡಿಮೆ ಒಂದೇ! ಹಾಗಂತ ಗಾಂಜಾ ನಿರಪಾಯ ಅಂತಲ್ಲ. ಅವಳಿಗಳ ಅಧ್ಯಯನದಲ್ಲಿ ಹದಿಹರೆಯದ ಕೊನೆಯವರೆಗೆ ಮಾತ್ರ ನೋಡಿದ್ದರು, ಡ್ಯುನೆಡಿನ್‌ನವರು ನೋಡಿದ್ದು ದಶಕಗಳ ಬಳಕೆ. ಜೊತೆಗೆ ಎಳೆಯ ವಯಸ್ಸಿನ ಜಾಸ್ತಿ ಬಳಕೆಗೂ ಸೈಕೋಸಿಸ್ ಎಂಬ ಮನೋರೋಗಕ್ಕೂ ಇರುವ ನಂಟು ಹಲವು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಾನು ಹೇಳುವುದು ಇಷ್ಟೇ. ಒಂದು ಅಧ್ಯಯನ ಹಿಡಿದು ಮಗನ ಮುಂದೆ ಕುಣಿಸಬೇಡಿ. ಅವನು ಫೋನ್ ತೆಗೆದು ಇನ್ನೊಂದು ಅಧ್ಯಯನ ತೋರಿಸುತ್ತಾನೆ.

ನಿದ್ದೆ, ಆಟ, ಮೊಬೈಲ್ ಯಾಕೆ ಅದೇ ಹಾಳೆಯಲ್ಲಿ? ಇವೆಲ್ಲ ಒಂದರ ಜೊತೆ ಒಂದು ಹೆಣೆದುಕೊಂಡಿರುತ್ತವೆ. ಕಡಿಮೆ ನಿದ್ದೆ ಮಾಡುವ ಮಕ್ಕಳಲ್ಲಿ ಬೇಸರ ಜಾಸ್ತಿ, ಸಿಗರೇಟು ಕುಡಿತವೂ ಜಾಸ್ತಿ ಕಾಣುತ್ತದೆ. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಆದರೆ ಆ ವಯಸ್ಸಿನಲ್ಲಿ ದೇಹದ ಗಡಿಯಾರವೇ ಹಿಂದಕ್ಕೆ ಸರಿಯುತ್ತದೆ. ನಿದ್ದೆ ತರಿಸುವ ಮೆಲಟೋನಿನ್ ರಾತ್ರಿ ತಡವಾಗಿ ಏರುತ್ತದೆ. ಬೆಳಗ್ಗೆ ಏಳಲಾರದ ಮಗನನ್ನು ಸೋಮಾರಿ ಎನ್ನುವ ಮುಂಚೆ ಇದು ನೆನಪಿರಲಿ. ಮೊಬೈಲ್ ಬಗ್ಗೆ ಜನ ಅಂದುಕೊಂಡಷ್ಟು ದೊಡ್ಡ ನಂಟು ಸರ್ವೆಗಳಲ್ಲಿ ಸಿಕ್ಕಿಲ್ಲ. 2019ರಲ್ಲಿ ಮೂರೂವರೆ ಲಕ್ಷ ಹರೆಯದವರ ಮಾಹಿತಿ ಜಾಲಾಡಿದಾಗ, ಅವರ ನೆಮ್ಮದಿಯಲ್ಲಿರುವ ವ್ಯತ್ಯಾಸದಲ್ಲಿ ಡಿಜಿಟಲ್ ಬಳಕೆಗೆ ಸಿಕ್ಕ ಪಾಲು ಹೆಚ್ಚೆಂದರೆ ನೂರಕ್ಕೆ 0.4. ಇದು ಎಲ್ಲರ ಸರಾಸರಿ. ರಾತ್ರಿ ಎರಡಕ್ಕೂ ಫೋನ್ ಹಿಡಿದು ಕೂತವನ ಕತೆ ಬೇರೆಯೇ ಇರಬಹುದು.

ಆಟದ ವಿಷಯದಲ್ಲಿ ಒಂದು ತಮಾಷೆ ಇದೆ. ತಂಡ ಕಟ್ಟಿಕೊಂಡು ಆಡುವ ಮಕ್ಕಳು ಸಿಗರೇಟು, ಡ್ರಗ್ಸ್ ಕಡಿಮೆ ಮುಟ್ಟುತ್ತಾರೆ. ಆದರೆ ಹಲವು ಅಧ್ಯಯನಗಳಲ್ಲಿ ಅವರೇ ಉಳಿದವರಿಗಿಂತ ಜಾಸ್ತಿ ಕುಡಿಯುತ್ತಾರೆ. ಗೆದ್ದರೂ ಪಾರ್ಟಿ, ಸೋತರೂ ಪಾರ್ಟಿ. ಆಟಕ್ಕೆ ಸೇರಿಸಿದೆ, ಇನ್ನು ಚಿಂತೆಯಿಲ್ಲ ಎನ್ನುವವರಿಗೆ ಇದನ್ನು ಹೇಳುತ್ತಿರುತ್ತೇನೆ.

ಸರ್ವೆ ಮಾಡಿ ಏನಾದರೂ ಬದಲಾದ ಉದಾಹರಣೆ ಕೇಳಿದರೆ ಐಸ್‌ಲ್ಯಾಂಡ್ ಹೆಸರು ಹೇಳಲೇಬೇಕು. ಅಲ್ಲಿ 1998ರಲ್ಲಿ 15-16 ವಯಸ್ಸಿನವರಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳು ಅಮಲೇರುವಷ್ಟು ಕುಡಿದಿದ್ದರು. 2016ಕ್ಕೆ ಅದು 5. ದಿನಾ ಸಿಗರೇಟು ಸೇದುವವರು 23ರಿಂದ 3ಕ್ಕೆ ಬಂದರು. ಅವರು ಮಾಡಿದ್ದೇನು? ಪದೇ ಪದೇ ಸರ್ವೆ ಮಾಡಿ, ಫಲಿತಾಂಶವನ್ನು ಬೀರುವಿನಲ್ಲಿಡದೆ ಬೇಗನೆ ಆಯಾ ಊರಿಗೆ, ಆಯಾ ಶಾಲೆಗೆ ವಾಪಸ್ ಕೊಟ್ಟರು. ಮಕ್ಕಳ ಆಟ, ಸಂಗೀತ, ಕಲೆಗೆ ಸರ್ಕಾರದ ದುಡ್ಡು ಬಂತು. ರಾತ್ರಿ ಮಕ್ಕಳು ಎಷ್ಟು ಹೊತ್ತಿನವರೆಗೆ ಹೊರಗಿರಬಹುದು ಎಂಬ ನಿಯಮವನ್ನು ಗಟ್ಟಿಯಾಗಿ ಪಾಲಿಸಿದರು. ಅಪ್ಪ ಅಮ್ಮಂದಿರು ಒಬ್ಬರಿಗೊಬ್ಬರು ಮಾತು ಕೊಟ್ಟುಕೊಂಡು, ನಿಮ್ಮ ಮಗ ನಮ್ಮ ಮನೆಯಲ್ಲೂ ಕುಡಿಯುವಂತಿಲ್ಲ ಎಂದರು. ಅದೇ ಕಾಲದಲ್ಲಿ ಬೇರೆ ಹಲವು ದೇಶಗಳಲ್ಲೂ ಹರೆಯದವರ ಕುಡಿತ ಇಳಿಯಿತು, ಹಾಗಾಗಿ ಪೂರ್ತಿ ಶ್ರೇಯ ಈ ಕ್ರಮಗಳಿಗೇ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ಇಳಿತ ಅಲ್ಲಿಯಷ್ಟು ಕಡಿದಾಗಿ ಆದದ್ದು ಕಡಿಮೆ.

ಇದರ ಪಕ್ಕಕ್ಕೆ ಹೆದರಿಸುವ, ಬೋಧಿಸುವ ದಾರಿಯನ್ನು ಇಟ್ಟು ನೋಡಿ. ಅಮೆರಿಕದಲ್ಲಿ 1983ರಲ್ಲಿ ಶುರುವಾದ ಡೇರ್ ಎಂಬ ಕಾರ್ಯಕ್ರಮದಲ್ಲಿ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಶಾಲೆಗಳಿಗೆ ಇಷ್ಟ, ಅಪ್ಪ ಅಮ್ಮಂದಿರಿಗೆ ಇನ್ನೂ ಇಷ್ಟ. ಅಳೆದು ನೋಡಿದಾಗ ಮಕ್ಕಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 1998ರ ನಂತರ ಅಲ್ಲಿನ ಸರ್ಕಾರ ನೂರು ಕೋಟಿ ಡಾಲರ್‌ಗೂ ಹೆಚ್ಚು ಸುರಿದು ಜಾಹೀರಾತು ಮಾಡಿತು. ಅದರಿಂದಲೂ ಗಾಂಜಾ ಬಳಕೆ ಇಳಿಯಲಿಲ್ಲ.

ಈಗ ನಿಮ್ಮ ಮಗನ ವಿಷಯ. ಇಲ್ಲಿ ಸರ್ವೆ ನಿಮಗೆ ಸಹಾಯ ಮಾಡುವುದಿಲ್ಲ, ಆದರೆ ಸರ್ವೆ ಮಾಡುವವರ ಅನುಭವ ಮಾಡಬಹುದು. ಮಕ್ಕಳು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಎಂದು ಅಪ್ಪ ಅಮ್ಮನಿಗೆ ಗೊತ್ತಿದ್ದರೆ ಆ ಮಕ್ಕಳು ದಾರಿ ತಪ್ಪುವುದು ಕಡಿಮೆ ಎಂದು ಮೊದಲಿನಿಂದ ಗೊತ್ತಿತ್ತು. ಹಾಗಾಗಿ ಕಣ್ಣಿಡಿ, ವಿಚಾರಿಸಿ ಎನ್ನುತ್ತಿದ್ದೆವು. 2000ರಲ್ಲಿ ಸ್ವೀಡನ್‌ನಲ್ಲಿ ಸುಮಾರು 700 ಮಕ್ಕಳನ್ನೂ ಅವರ ಹೆತ್ತವರನ್ನೂ ಕೇಳಿ ನೋಡಿದ ಸಂಶೋಧಕರು ಬೇರೆಯೇ ಮಾತು ಹೇಳಿದರು. ಅಪ್ಪ ಅಮ್ಮನಿಗೆ ಗೊತ್ತಿರುವುದರಲ್ಲಿ ಹೆಚ್ಚಿನದು ಅವರು ಕಾವಲು ಕಾದು ತಿಳಿದದ್ದಲ್ಲ. ಮಕ್ಕಳೇ ತಾವಾಗಿ ಬಂದು ಹೇಳಿದ್ದು. ಜೇಬು ತಡಕುವುದರಿಂದ, ಫೋನ್ ನೋಡುವುದರಿಂದ ಸಿಗುವುದು ಅದರ ಮುಂದೆ ಸ್ವಲ್ಪವೇ.

ಹಾಗಾಗಿ ಏನು ಬರೆದೆ ಎಂದು ಮತ್ತೆ ಕೇಳಬೇಡಿ. "ನಿಮ್ಮ ತರಗತಿಯಲ್ಲಿ ಎಷ್ಟು ಜನ ವೇಪ್ ಮಾಡ್ತಾರೆ ಅಂತ ನಿನಗೆ ಅನಿಸುತ್ತೆ?" ಎಂದು ಕೇಳಿ. ಇದರಲ್ಲಿ ಅವನು ಸಿಕ್ಕಿಬೀಳುವ ಭಯವಿಲ್ಲ, ಹಾಗಾಗಿ ಮಾತಾಡುತ್ತಾನೆ. ಎದುರೆದುರು ಕೂತು ವಿಚಾರಣೆ ಮಾಡುವ ಹಾಗೆ ಬೇಡ. ನಡೆಯುತ್ತಾ, ಏನಾದರೂ ಕೆಲಸ ಮಾಡುತ್ತಾ ಕೇಳಿ. ಅವನು ಹೇಳಿದ ಮೊದಲ ಸಂಗತಿಗೇ ಕೂಗಾಡಿದರೆ ಎರಡನೆಯದು ಬರುವುದಿಲ್ಲ. ಮನೆಯಲ್ಲಿ ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ, ಒಂದೇ ಸಲ ಹೇಳಿ. ಸ್ನೇಹಿತರೆಲ್ಲ ಇದ್ದಕ್ಕಿದ್ದಂತೆ ಬದಲಾದರೆ, ಓದು, ನಿದ್ದೆ, ಊಟ ಮೂರೂ ಒಟ್ಟಿಗೆ ಕೆಟ್ಟರೆ, ದುಡ್ಡು ಕಾಣೆಯಾಗುತ್ತಿದ್ದರೆ ಕಾಯಬೇಡಿ, ವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ನೀವು ಬರೆದದ್ದರಲ್ಲಿ ಅಂಥದ್ದೇನೂ ನನಗೆ ಕಾಣಲಿಲ್ಲ. ಕಂಡದ್ದು, ಗುಟ್ಟು ಎಂದು ನಗುವ ಒಬ್ಬ ಹುಡುಗ.

ಶಾಲೆಗೆ ಮಾತ್ರ ಇನ್ನೊಮ್ಮೆ ಹೋಗಿ. ಒಟ್ಟು ವರದಿ ಯಾವಾಗ ಬರುತ್ತದೆ, ಅದನ್ನು ಅಪ್ಪ ಅಮ್ಮಂದಿರ ಮುಂದೆ, ಮಕ್ಕಳ ಮುಂದೆ ಇಡುತ್ತೀರಾ, ನೋಡಿದ ಮೇಲೆ ಏನು ಮಾಡಬೇಕು ಅಂತಿದ್ದೀರಿ ಎಂದು ಕೇಳಿ. ಚಿಕ್ಕ ಶಾಲೆಯಾದರೆ ತರಗತಿವಾರು ಅಂಕಿ ಕೇಳಬೇಡಿ, ಹತ್ತು ಜನರ ಗುಂಪಿನಲ್ಲಿ ಯಾರು ಎಂದು ಊಹಿಸುವುದು ಸುಲಭ. ವರದಿಯೇ ಬರುವುದಿಲ್ಲ ಎಂದರೆ ಮುಂದಿನ ಸಲ ಸರ್ವೆಗೆ ಯಾಕೆ ಒಪ್ಪಬೇಕು ಎಂದು ಕೇಳುವ ಹಕ್ಕು ನಿಮಗೆ ಖಂಡಿತ ಇದೆ.